ಕಲಬುರಗಿ ಕಡೆ ಕೆಲಸ ಹುಡುಕೋರು, ಕೆಲಸ ಕೊಡೋರು ಸರ್ಕಾರದ ಪುಕ್ಕಟೆ ಸೇವೆ ಹೆಂಗ ಬಳಸಬೇಕು

ಮೊದಲೇ ಒಂದು ಮಾತು ಹೇಳ್ತೀನಿ, ಕೆಲಸ ಕೊಡಸ್ತೀನಿ ಅಂತ ಯಾರರ ರೊಕ್ಕ ಕೇಳಿದ್ರ ಅಲ್ಲಿಂದ ಎದ್ದು ಬರ್ರಿ. ನಮ್ಮ ಅಕ್ಕನ ಮಗ ಐಟಿಐ ಫಿಟ್ಟರ್ ಮುಗಿಸಿ ಮನಿಯಾಗ ಕೂತಿದ್ದ, ಒಬ್ಬ ಏಜೆಂಟ್ ಪುಣೆದಾಗ ಕಂಪನಿ ಕೆಲಸ ಅಂತ ಹೇಳಿ ಹನ್ನೆರಡು ಸಾವಿರ ಇಸ್ಕೊಂಡ, ಅಲ್ಲಿ ಹೋಗಿ ನೋಡಿದ್ರ ಗೋಡೌನಿನಾಗ ಡಬ್ಬಿ ಹೊರೋ ಕೆಲಸ, ಇಪ್ಪತ್ತು ದಿನಕ್ಕ ವಾಪಸ್ ಬಂದ. ಅಕ್ಕ ತೊಗರಿ ಮಾರಿ ಎತ್ತಿಟ್ಟಿದ್ದ ರೊಕ್ಕ ಅದು. ಆಮ್ಯಾಲ ಅವನ ಜೋಡಿ ನಾನೇ ಆಫೀಸ್ ಆಫೀಸ್ ಅಡ್ಡಾಡೀನಿ, ಅದ್ರಾಗ ಕಲ್ತಿದ್ದು ಬರೀಲಿಕತ್ತೀನಿ, ಬೀದರ್ ಯಾದಗಿರಿಯವರಿಗೂ ಇದೇ ದಾರಿ.

ಎಲ್ಲಕ್ಕಿಂತ ಮೊದಲ ಕಾಗದ ನೋಡ್ರಿ. ನಮ್ಮ ಹುಡುಗನ ಮಾರ್ಕ್ಸ್‌ಕಾರ್ಡಿನಾಗ ಶರಣಬಸಪ್ಪ, ಆಧಾರ್‌ನಾಗ ಶರಣಬಸವ, ಬ್ಯಾಂಕ್ ಪಾಸ್‌ಬುಕ್ಕಿನಾಗ ಬರೇ ಶರಣು, ಅಂದ್ರ ಒಬ್ಬನೇ ಮನುಷ್ಯಾ ಮೂರು ಹೆಸರು! ಇದನ್ನ ಸರಿ ಮಾಡಿಸದೆ ಮುಂದ ಹೋದ್ರ ಪ್ರತಿ ಅರ್ಜಿನೂ ಎಲ್ಲೋ ಒಂದು ಕಡೆ ಸಿಕ್ಕೊಂಡು ಕೂಡ್ತದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಮುಂದಿಟ್ಕೊಂಡು ಅದ್ರಾಗ ಹೆಂಗದನೋ ಹಂಗೇ ಆಧಾರ್, ಬ್ಯಾಂಕ್ ಎರಡೂ ಮಾಡಿಸ್ರಿ. ಆಧಾರಿಗೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸ್ರಿ, ಮಾವನ ನಂಬರ್ ಹಾಕಿದ್ರ ಓಟಿಪಿ ಬಂದಾಗ ಮಾವ ಹೊಲದಾಗ ಇರ್ತಾನ.

ಆಮ್ಯಾಲ ನೋಂದಣಿ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಾಗ ಒಂದು, ಕೇಂದ್ರ ಸರ್ಕಾರ 2015ರಾಗ ಶುರು ಮಾಡಿದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಾಗ ಒಂದು, ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಾಗ ಇನ್ನೊಂದು, ಮೂರೂ ಪುಕ್ಕಟೆ. ಹೆಸರು ಬರೆಸಿ ಮನಿಗಿ ಬಂದು ಫೋನ್ ಬರ್ತದ ಅಂತ ಕೂತ್ರ ಬರಂಗಿಲ್ಲ, ಇದನ್ನ ಭಾಳ ಮಂದಿಗೆ ಹೇಳಿ ಹೇಳಿ ಸಾಕಾಗ್ಯದ. ಪ್ರೊಫೈಲಿನಾಗ ‘ಯಾವ ಕೆಲಸ ಆದ್ರೂ ಆಗ್ತದ’ ಅಂತ ಬರೀಬ್ಯಾಡ್ರಿ, ಅದನ್ನ ಓದಿದವರಿಗೆ ನಿಮಗೇನು ಬರ್ತದ ಅಂತನೇ ತಿಳಿಯಂಗಿಲ್ಲ. ನಮ್ಮ ಹುಡುಗ ಮೊದಲ ‘ಐಟಿಐ ಪಾಸ್’ ಅಂತ ಅಷ್ಟೇ ಬರೆದಿದ್ದ, ಆಮ್ಯಾಲ ‘ಫಿಟ್ಟರ್, ಲೇತ್ ಮ್ಯಾಲ ಕೆಲಸ ಬರ್ತದ, ಡ್ರಾಯಿಂಗ್ ಓದಾಕ ಬರ್ತದ, ಸೇಡಂ ಚಿತ್ತಾಪುರ ಕಡೆ ಶಿಫ್ಟ್ ಡ್ಯೂಟಿಗೆ ತಯಾರ್’ ಅಂತ ಬರೆಸಿದ್ವಿ. ಸಿಮೆಂಟ್ ಫ್ಯಾಕ್ಟರಿ ಇರೋದು ಆ ಕಡೆನೇ ಅಲ್ಲೇನ್ರಿ, ಹಂಗ ಊರು ಕೆಲಸ ಎರಡೂ ಬಿಡಿಸಿ ಬರೆದ ಮ್ಯಾಲೇ ಇಂಟರ್‌ವ್ಯೂಗೆ ಕರೆ ಬಂತು.

ಕೈಯಾಗ ಯಾವ ಕಸುಬೂ ಇಲ್ಲದವರು ಮೊದಲ ಟ್ರೇನಿಂಗ್ ತಗೋರಿ. ಹಳ್ಳಿ ಕಡೆಯ 15ರಿಂದ 35 ವಯಸ್ಸಿನವರಿಗೆ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಅದ. ಸ್ವಂತ ಅಂಗಡಿ, ಟೇಲರಿಂಗ್, ಮೊಬೈಲ್ ರಿಪೇರಿ ಮಾಡಬೇಕನ್ನೋರಿಗೆ ಆರ್‌ಸೆಟಿ, ಅಂದ್ರ ಬ್ಯಾಂಕಿನವರು ನಡೆಸೋ ಸ್ವಉದ್ಯೋಗ ಟ್ರೇನಿಂಗ್ ಕೇಂದ್ರ ಅದ, ಊಟ ವಸತಿ ಎಲ್ಲ ಅವರದೇ. 1982ರಾಗ ನಮ್ಮ ಉಜಿರೆದಾಗ ಶುರುವಾದ ರುಡ್‌ಸೆಟಿ ನೋಡಿನೇ ಇದನ್ನ ದೇಶದ ತುಂಬ ಮಾಡ್ಯಾರ. ಮಷೀನ್ ಕೆಲಸ ಕಲೀಬೇಕಂದ್ರ ಕಲಬುರಗಿದಾಗ ಜಿಟಿಟಿಸಿ ಅನ್ನೋ ಸರ್ಕಾರಿ ಟ್ರೇನಿಂಗ್ ಕೇಂದ್ರ ಅದ.

ಸರ್ಕಾರಿ ನೌಕರಿಗೆ ಓದೋರು 371ಜೆ, ಅಂದ್ರ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ಸಂವಿಧಾನದ ಕಲಂ, ಅದರ ಅರ್ಹತಾ ಪತ್ರ ಇವತ್ತೇ ಮಾಡಿಸಿ ಇಡ್ರಿ. ನಮ್ಮ ಭಾಗದ ಸ್ಥಳೀಯ ವೃಂದದಾಗ ಸಿ ಗ್ರೂಪ್ ಹುದ್ದೆಗೆ 80%, ಡಿ ಗ್ರೂಪ್‌ಗೆ 85% ನಮಗಂತನೇ ಅವ, ಆದ್ರ ಪತ್ರ ಕೊಡೋದು ಸಹಾಯಕ ಆಯುಕ್ತರು, ಸಾಲಿ ಕಾಗದ ಎಲ್ಲ ಕೂಡಿಸಬೇಕು, ನೋಟಿಫಿಕೇಷನ್ ಬಂದ ಮ್ಯಾಲ ಓಡಾಡಿದ್ರ ಕಡೀ ತಾರೀಖು ದಾಟಿ ಹೋಗ್ತದ.

ಡಿಗ್ರಿ ಡಿಪ್ಲೊಮಾ ಪಾಸಾಗಿ 180 ದಿನ ಆದ್ರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಭತ್ಯೆ ಅದ, ಡಿಗ್ರಿಗೆ ತಿಂಗಳಿಗೆ 3000, ಡಿಪ್ಲೊಮಾಕ್ಕ 1500, ಎರಡು ವರ್ಷದ ತನಕ. ಅರ್ಜಿ ಹಾಕೋದು ರಾಜ್ಯದ ಸೇವಾ ಸಿಂಧು ಪೋರ್ಟಲ್‌ನಾಗ. ಮುಂದ ಓದ್ತಿರೋರಿಗೆ ಬರಂಗಿಲ್ಲ.

ಇನ್ನ ಮಾಲಕರಿಗೆ. ಕಲಬುರಗಿ ಕಪನೂರ ಕಡೆ ದಾಲ್ ಮಿಲ್ ನಡೆಸೋರು, ಬೀದರ್ ಕೊಳಾರ, ಯಾದಗಿರಿ ಕಡೇಚೂರ ಇಂಡಸ್ಟ್ರಿಯಲ್ ಏರಿಯಾದವರು ಹುಡುಗರು ಸಿಗವಲ್ರು ಅಂತಾರ, ಆದ್ರ ಮ್ಯಾಲ ಹೇಳಿದ ಪೋರ್ಟಲ್‌ಗಳಾಗ ಖಾಲಿ ಹುದ್ದೆ ಹಾಕಿರಂಗಿಲ್ಲ. ಹಾಕ್ರಿ, ರೊಕ್ಕ ಏನೂ ಇಲ್ಲ. ಅಪ್ರೆಂಟಿಸ್, ಅಂದ್ರ ಕೆಲಸ ಕಲೀತಾ ಕಲೀತಾ ಮಾಡೋ ಹುಡುಗರನ್ನ ತಗೊಂಡ್ರ ಸ್ಟೈಪೆಂಡಿನಾಗ 25%, ತಿಂಗಳಿಗೆ ಹೆಚ್ಚಂದ್ರ 1500 ರೂಪಾಯಿ ಕೇಂದ್ರ ಸರ್ಕಾರ ಹುಡುಗನ ಅಕೌಂಟಿಗೇ ಹಾಕ್ತದ. 30 ಇಲ್ಲಾ ಅದಕ್ಕಿಂತ ಜಾಸ್ತಿ ಮಂದಿ ಕೆಲಸಕ್ಕ ಇರೋ ಮಾಲಕರು ಅಪ್ರೆಂಟಿಸ್ ತಗೊಳ್ಳಲೇಬೇಕು, ಅದು ಕಾಯ್ದೆ.

2025ರ ಆಗಸ್ಟ್ 1ರಿಂದ 2027ರ ಜುಲೈ 31ರ ತನಕ ಪಿಎಂ ವಿಕಸಿತ ಭಾರತ ರೋಜ್‌ಗಾರ್ ಯೋಜನೆನೂ ಅದ. 50ಕ್ಕಿಂತ ಕಡಿಮಿ ಮಂದಿ ಇರೋ ಕಡೆ ಇಬ್ಬರನ್ನ, 50 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ದಲ್ಲಿ ಐವರನ್ನ ಹೊಸದಾಗಿ ತಗೊಂಡು ಕನಿಷ್ಠ ಆರು ತಿಂಗಳು ಇಟ್ಕೊಂಡ್ರ, ಹಂಗ ತಗೊಂಡ ಒಬ್ಬೊಬ್ಬರ ಲೆಕ್ಕಕ್ಕ ತಿಂಗಳಿಗೆ 3000 ತನಕ ಮಾಲಕರಿಗೆ ಬರ್ತದ, ಎರಡು ವರ್ಷ, ಫ್ಯಾಕ್ಟರಿಗಾದ್ರ ನಾಲ್ಕು ವರ್ಷ. ಮೊದಲ ಸಲ ಪಿಎಫ್‌ಗೆ ಸೇರೋ ಹುಡುಗ್ರಿಗೂ 15,000 ತನಕ ಎರಡು ಕಂತಿನಾಗ ಸಿಗ್ತದ. ಪಿಎಫ್ ಕಟ್ಟದೆ ಕೈಯಾಗ ಪಗಾರ ಕೊಟ್ರ ಇಬ್ಬರಿಗೂ ಏನೂ ಸಿಗಂಗಿಲ್ಲ, ಅದಕ್ಕ ಕೆಲಸಕ್ಕ ಸೇರೋ ದಿನನೇ ಹುಡುಗ್ರು ‘ನನ್ನ ಪಿಎಫ್ ಕಟ್ತೀರೇನ್ರಿ’ ಅಂತ ಬಾಯಿ ಬಿಟ್ಟು ಕೇಳ್ರಿ, ಪಿಎಫ್‌ಗೆ ಬೇಕಾದ ಯುಎಎನ್ ನಂಬರ್ ಮುಖ ತೋರಿಸಿ ಮಾಡೋದು ಕೇಂದ್ರ ಸರ್ಕಾರದ ಉಮಂಗ್ ಆ್ಯಪಿನಾಗ ಅದ.

ಉದ್ಯೋಗ ಮೇಳ ಬಂದ್ರ ಮುಂಜಾನೇನೇ ಹೋಗ್ರಿ. ಬಯೋಡೇಟಾ ಹತ್ತು ಝೆರಾಕ್ಸ್, ಫೋಟೋ, ಪೆನ್ನು, ನೀರಿನ ಬಾಟಲಿ, ಬುತ್ತಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತೋರಿಸ್ರಿ, ಯಾರ ಕೈಯಾಗೂ ಬಿಟ್ಟು ಬರಬ್ಯಾಡ್ರಿ.