ಸೋತರೆ ನಿದ್ದೆ ಬರದವರ ಟೀಮು

ದಾವಣಗೆರೆಯಲ್ಲಿ ಫುಟ್‌ಬಾಲ್ ಟೀಮ್ ಕಟ್ಟುತ್ತೇನೆ ಅಂದಾಗ ನನಗೆ ಸಿಕ್ಕ ಮೊದಲ ಸಲಹೆ, "ಸುಮ್ನೆ ಯಾಕ್ರೀ? ಕ್ರಿಕೆಟ್ ಟೀಮ್ ಮಾಡ್ರಿ, ಸ್ಪಾನ್ಸರ್ ಆದ್ರೂ ಸಿಗ್ತಾರೆ." ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಶುರುವಾದರೆ ಅರ್ಧ ಊರು ಅಲ್ಲೇ ಇರುತ್ತದೆ. ಇನ್ನು ಕುಸ್ತಿ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಸೇರುವ ಜನರಲ್ಲಿ ಹತ್ತನೇ ಒಂದು ಪಾಲು ನಮ್ಮ ಮ್ಯಾಚಿಗೆ ಬಂದರೂ ನಾನು ಟಿಕೆಟ್ ಇಡುತ್ತಿದ್ದೆ!

ಆದರೆ ಫುಟ್‌ಬಾಲ್ ಟೀಮ್ ಹೇಗೆ ಕಟ್ಟಬೇಕು ಅನ್ನುವುದರ ಮೊದಲ ಪಾಠ ನನಗೆ ಸಿಕ್ಕಿದ್ದು ಕುಸ್ತಿಯಿಂದಲೇ. ಅಖಾಡದಲ್ಲಿ ಸೋತವನಿಗೆ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲು ದಾರಿಯೇ ಇಲ್ಲ. ಬೆನ್ನಿಗೆ ಮಣ್ಣು ಹತ್ತಿತಾ, ಸೋಲು ಅವನದೇ. ಮೈ ಕೊಡವಿಕೊಂಡು ಎದ್ದು, ಅಷ್ಟು ಜನರ ನಡುವೆ ನಡೆದುಕೊಂಡು ಹೋಗಬೇಕು. ಫುಟ್‌ಬಾಲಿನಲ್ಲಿ ಸೋಲು ಹನ್ನೊಂದು ಪಾಲಾಗುತ್ತದೆ. ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಮಿಡ್‌ಫೀಲ್ಡಿನವನನ್ನು ತೋರಿಸುತ್ತಾನೆ. ಮಿಡ್‌ಫೀಲ್ಡಿನವನು ಕೀಪರ್‌ನನ್ನು ತೋರಿಸುತ್ತಾನೆ. ಫಾರ್ವರ್ಡ್ "ನಂಗೆ ಬಾಲೇ ಬರ್ಲಿಲ್ಲ ಸರ್" ಅನ್ನುತ್ತಾನೆ. ಕೊನೆಗೆ ಎಲ್ಲರೂ ಸೇರಿ ರೆಫ್ರಿಯನ್ನು ಬೈದರೆ ಲೆಕ್ಕ ಚುಕ್ತಾ. ಒಬ್ಬೊಬ್ಬನ ಪಾಲಿಗೆ ಬಂದ ಸೋಲು ಎಷ್ಟು ಸಣ್ಣದು ಅಂದರೆ, ಬೆಣ್ಣೆ ದೋಸೆ ಟೇಬಲ್ಲಿಗೆ ಬರುವ ಹೊತ್ತಿಗೆ ಕರಗಿ ಹೋಗಿರುತ್ತದೆ. ನಮ್ಮ ಟೀಮಿನ ಶುರುವಿನ ದಿನಗಳು ಹೀಗೇ ಇದ್ದವು. ಹುಡುಗರು ಒಳ್ಳೆಯವರು, ಆಟವೂ ಪರವಾಗಿಲ್ಲ. ಸೋಲು ಮಾತ್ರ ಯಾರಿಗೂ ತಾಗುತ್ತಿರಲಿಲ್ಲ.

ಹಾಗಾಗಿ ಟ್ರಯಲ್ಸ್‌ನಲ್ಲಿ ನಾನು ನೋಡುವುದನ್ನೇ ಬದಲಿಸಿದೆ. ಮ್ಯಾಚ್ ಮುಗಿದ ಮೇಲೆ ಅಳುವವರನ್ನು, ಬೂಟು ಎಸೆಯುವವರನ್ನು ನೋಡಿ "ಅಬ್ಬಾ, ಇವನಿಗೆ ಎಷ್ಟು ಛಲ" ಅಂದುಕೊಳ್ಳಬೇಡಿ. ಅದರಲ್ಲಿ ಅರ್ಧ ನಾಟಕ. ನೋಡಬೇಕಾದದ್ದು, ಕಾಲಿನಿಂದ ಬಾಲ್ ಹೋದ ಮೇಲಿನ ಐದಾರು ಸೆಕೆಂಡ್. ಪಾಸ್ ತಪ್ಪಿದ ಕೂಡಲೇ ಹುಡುಗ ಏನು ಮಾಡುತ್ತಾನೆ? ಕೆಲವರು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ. ಕೆಲವರು "ಫೌಲ್ ಸರ್" ಅಂತ ನನ್ನ ಕಡೆ ತಿರುಗುತ್ತಾರೆ. ಬಾಲ್ ಹೋದ ಕಡೆಗೇ ಓಡುವವರು ಕಡಿಮೆ. ಅವರ ಹೆಸರು ನನ್ನ ಪುಸ್ತಕಕ್ಕೆ ಹೋಗುತ್ತದೆ. ಪೆಪ್ ಗಾರ್ಡಿಯೋಲಾ 2008ರಿಂದ 2012ರವರೆಗೆ ಬಾರ್ಸಿಲೋನಾ ಕೋಚ್ ಆಗಿದ್ದಾಗ, ಕಳೆದುಕೊಂಡ ಬಾಲನ್ನು ಐದಾರು ಸೆಕೆಂಡಿನೊಳಗೆ ಕಿತ್ತುಕೊಳ್ಳಬೇಕು ಅನ್ನುವುದು ಟೀಮಿನ ರೂಢಿಯಾಗಿತ್ತು. ಜನ ಆ ಟೀಮಿನ ಪಾಸ್‌ಗಳನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಬಾಲ್ ಹೋದಾಗ ಅವರು ಮೈಮೇಲೆ ಬಿದ್ದು ಕಿತ್ತುಕೊಳ್ಳುತ್ತಿದ್ದುದು ನನಗೆ ಅದಕ್ಕಿಂತ ಇಷ್ಟ.

ನಮ್ಮಲ್ಲಿ ಅಂಥ ಒಬ್ಬ ಸಿಕ್ಕಿದ್ದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಮನೆಯಿಂದ. ಸಂಜೆ ಬಂದರೆ ಅಂಗಿಗೆ ಹೊಗೆ ವಾಸನೆ. ಬಲಗಾಲು ಮಾತ್ರ ಓಡುತ್ತದೆ, ಎಡಗಾಲಿನಲ್ಲಿ ಒದ್ದರೆ ಬಾಲ್ ಎಲ್ಲಿಗೆ ಹೋಗುತ್ತದೆ ಅಂತ ಅವನಿಗೇ ಗೊತ್ತಿಲ್ಲ. ಟ್ರಯಲ್ಸ್ ದಿನ ಅವನ ಕಾಲಿನಿಂದ ನಮ್ಮ ಬೆಸ್ಟ್ ಡ್ರಿಬ್ಲರ್ ಬಾಲ್ ಕಸಿದುಕೊಂಡು ಹೋದ. ಹುಡುಗ ಬಿದ್ದ. ಎದ್ದು ಹಿಂದೆ ಓಡಿದ. ಕಸಿದ. ಡ್ರಿಬ್ಲರ್ ಮತ್ತೆ ದಾಟಿಸಿದ. ಇವನು ಮತ್ತೆ ಓಡಿದ. ಬಾಲ್ ಸೈಡ್ ಲೈನ್ ದಾಟಿ ಸೈಕಲ್ ನಿಲ್ಲಿಸಿದ್ದ ಜಾಗಕ್ಕೆ ಹೋದರೂ ಇಬ್ಬರೂ ಬಿಡಲಿಲ್ಲ. "ಸಾಕು ಬಿಡ್ರಲೇ, ಔಟ್ ಆಗೇತಿ" ಅಂತ ಎಲ್ಲರೂ ಕೂಗಿದ ಮೇಲೆ ನಿಂತರು. ಡ್ರಿಬ್ಲರ್ ನಗುತ್ತಿದ್ದ. ಈ ಹುಡುಗನ ಮುಖದಲ್ಲಿ ನಗು ಇರಲಿಲ್ಲ. ಅಂದೇ ಅವನನ್ನು ತೆಗೆದುಕೊಂಡೆ. ಎಡಗಾಲನ್ನು ಆಮೇಲೆ ತಿದ್ದಬಹುದು, ಅಲ್ವಾ?

ಪ್ರಾಕ್ಟೀಸಿನಲ್ಲಿ ಲೆಕ್ಕ ಇಲ್ಲದ ಆಟವನ್ನೇ ನಿಲ್ಲಿಸಿಬಿಟ್ಟೆ. ರೊಂಡೊ (ಸುತ್ತ ನಿಂತವರು ಪಾಸ್ ಮಾಡುತ್ತಾ, ನಡುವೆ ಇರುವವರಿಗೆ ಬಾಲ್ ಸಿಗದಂತೆ ಆಡುವ ಆಟ) ಆದರೂ, ಹೆಡಿಂಗ್ ಆದರೂ, ಐದೈದು ಜನರ ಆಟವಾದರೂ ಗೆದ್ದವರು ಯಾರು ಅಂತ ಬರೆಯುತ್ತೇನೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಟೀಮಿಗೆ ಕೋಚ್ ಆಗಿದ್ದ ಆನ್ಸನ್ ಡಾರೆನ್ಸ್ ಪ್ರಾಕ್ಟೀಸಿನ ಪ್ರತಿಯೊಂದು ಪೈಪೋಟಿಯನ್ನೂ ಬರೆದಿಟ್ಟು, ರ‍್ಯಾಂಕ್ ಮಾಡಿ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದರು. ಅವರಿಗೆ ಈ ಉಪಾಯ ಸಿಕ್ಕಿದ್ದು ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರಿಂದ. ಡಾರೆನ್ಸ್ ಅವರ ಟೀಮ್ 21 ಸಲ ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ನಮ್ಮಲ್ಲಿ ಅಷ್ಟೆಲ್ಲ ಚಾರ್ಟ್ ಇಲ್ಲ, ನೂರು ಪುಟದ ನೋಟ್‌ಬುಕ್ ಇದೆ.

ಸೋತವರಿಗೆ ಗ್ರೌಂಡ್ ಸುತ್ತು ಹಾಕಿಸುವುದಿಲ್ಲ. ಓಟವನ್ನು ಶಿಕ್ಷೆ ಮಾಡಿದರೆ ಹುಡುಗರು ಓಟವನ್ನೇ ದ್ವೇಷಿಸುತ್ತಾರೆ, ಸೋಲನ್ನಲ್ಲ. ಸೋತವರು ಕೋನ್ ಆರಿಸಬೇಕು, ಬಿಬ್ ಮಡಚಬೇಕು, ನೆಟ್ ಬಿಚ್ಚಬೇಕು. ಗೆದ್ದವರು ಕೂತು ನೋಡುತ್ತಾರೆ, ಅಷ್ಟೇ. ಕೂತು ನೋಡುವವರ ಬಾಯಿಯೇ ದೊಡ್ಡ ಶಿಕ್ಷೆ. ಟೀಮನ್ನು ದಿನವೂ ಕಲಸುತ್ತೇನೆ, ಇವತ್ತು ಇವನ ಜೊತೆ, ನಾಳೆ ಅವನ ಎದುರು. ಕೆಲವು ವಾರ ಹೀಗೆ ಬರೆದ ಮೇಲೆ ಪುಸ್ತಕ ತಾನೇ ಮಾತಾಡುತ್ತದೆ. ಯಾವ ಕಡೆ ಹಾಕಿದರೂ ಗೆದ್ದೇ ಮನೆಗೆ ಹೋಗುವ ಕೆಲವು ಹುಡುಗರು ಇರುತ್ತಾರೆ. ಅವರ ಆಟದಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಭಟ್ಟಿಯ ಹುಡುಗ ಆ ಪಟ್ಟಿಯ ಮೇಲೇ ಇದ್ದ. ನಮ್ಮ ಡ್ರಿಬ್ಲರ್ ಎಲ್ಲಿದ್ದ ಅಂತ ಹೇಳಿದರೆ ಅವನಿಗೆ ಬೇಜಾರಾಗುತ್ತದೆ.

ಇಷ್ಟಾದ ಮೇಲೆ ಇನ್ನೊಂದು ತಲೆನೋವು ಶುರುವಾಯಿತು. ಸೋಲು ಕಂಡರೆ ಆಗದವರೇ ಜಾಸ್ತಿ ಆದರೆ ಅವರು ಒಬ್ಬರನ್ನೊಬ್ಬರು ತಿನ್ನುತ್ತಾರೆ. ಇದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. (ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈಗಿನ ಹುಡುಗರಿಗೆ ಮ್ಯಾಂಚೆಸ್ಟರ್ ಅಂದರೆ ಯುನೈಟೆಡ್, ಇಲ್ಲವೇ ಸಿಟಿ.) 1999ರ ಏಪ್ರಿಲ್‌ನಲ್ಲಿ ಟ್ಯೂರಿನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಹನ್ನೊಂದೇ ನಿಮಿಷದಲ್ಲಿ ಯುವೆಂಟಸ್ ಎರಡು ಗೋಲು ಹೊಡೆದಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಯಾಪ್ಟನ್ ಕೀನ್ ಕಾರ್ನರ್‌ಗೆ ತಲೆ ಕೊಟ್ಟು ಒಂದು ಗೋಲು ವಾಪಸ್ ತಂದ. ಸ್ವಲ್ಪ ಹೊತ್ತಿಗೆ ಹಳದಿ ಕಾರ್ಡ್ ಬಿತ್ತು. ಹಿಂದಿನ ಕಾರ್ಡ್ ಲೆಕ್ಕವೂ ಸೇರಿ, ಟೀಮ್ ಗೆದ್ದರೂ ಫೈನಲ್‌ನಲ್ಲಿ ತಾನು ಆಡುವಂತಿಲ್ಲ ಅಂತ ಗೊತ್ತಾಯಿತು. ಆಮೇಲೆ ಅವನು ಆಡಿದ ಆಟ ನೋಡಬೇಕು. ಯುನೈಟೆಡ್ 3-2ರಿಂದ ಗೆದ್ದಿತು. ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಮೇಲೆ ಇಂಜುರಿ ಟೈಮಿನಲ್ಲಿ ಎರಡು ಗೋಲು ಹೊಡೆದು ಕಪ್ಪೂ ಗೆದ್ದಿತು. ಅದೇ ಕೀನ್ 2005ರಲ್ಲಿ ಸಹ ಆಟಗಾರರನ್ನು ಬಾಯಿಗೆ ಬಂದಂತೆ ಟೀಕಿಸಿ, ನವೆಂಬರ್‌ನಲ್ಲಿ ಕ್ಲಬ್ ಬಿಡಬೇಕಾಯಿತು. ಆ ಸಿಟ್ಟನ್ನೇ ನೆಚ್ಚಿಕೊಂಡು ಟೀಮ್ ಕಟ್ಟಿದ್ದ ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್‌ಗೂ ಕೊನೆಗೆ ಅದು ಸಾಕಾಗಿತ್ತು.

ನಮ್ಮಲ್ಲಿ ಸ್ಟಾಪರ್ ಹೀಗೇ ಇದ್ದ. ಸೋತರೆ ಊಟ ಬಿಡುವವನು. ಪಾಸ್ ತಪ್ಪಿದವರ ಅಪ್ಪ ಅಮ್ಮನವರೆಗೂ ಹೋಗುವ ಬಾಯಿ. ನಮ್ಮ ಲೆಫ್ಟ್ ವಿಂಗರ್ ಮೆತ್ತನೆಯವನು. ಒಂದು ಮ್ಯಾಚಿನಲ್ಲಿ ಗಮನಿಸಿದೆ: ಅವನು ಎದುರಾಳಿ ಡಿಫೆಂಡರ್ ಹಿಂದೆ ನಿಲ್ಲುತ್ತಿದ್ದಾನೆ. ಬಾಲ್ ಕೇಳಲು ಕೈ ಎತ್ತುತ್ತಾನೆ, ಆದರೆ ಪಾಸ್ ಬರಲಾರದ ಜಾಗದಲ್ಲಿ ನಿಂತು ಎತ್ತುತ್ತಾನೆ! ಬಾಲ್ ಬಂದರೆ ತಪ್ಪಬಹುದು, ತಪ್ಪಿದರೆ ಬೈಗುಳ. ಅದಕ್ಕಿಂತ ಬಾಲ್ ಬಾರದಿರುವುದೇ ಒಳ್ಳೆಯದು ಅನ್ನುವ ಲೆಕ್ಕ. ನಾವು ಹತ್ತೇ ಜನ ಆಡುತ್ತಿದ್ದೆವು.

ಸ್ಟಾಪರ್‌ಗೆ "ಬಾಯಿ ಮುಚ್ಚು" ಅನ್ನಲಿಲ್ಲ. ಮುಚ್ಚಿದರೆ ಅವನ ಆಟವೂ ಮುಚ್ಚಿಹೋಗುತ್ತದೆ. ಗ್ರೌಂಡಿನಲ್ಲಿ ಕೂಗುವ ಮಾತು ಕೆಲಸಕ್ಕೆ ಬರುವಂತಿರಬೇಕು ಅಂತ ನಿಯಮ ಮಾಡಿದೆ. "ಹಿಂದೆ ಇದ್ದಾನೆ", "ಟೈಮ್ ಇದೆ", "ತಿರುಗು", "ನಂಗೆ ಕೊಡು", ಇಂಥವು ಎಷ್ಟು ಬೇಕಾದರೂ ಕೂಗು. ಬೈದರೆ ಮಾತ್ರ ಎದುರಿನವರಿಗೆ ಒಂದು ಗೋಲು. ಜೊತೆಗೆ, ದಿನವೂ ಕಲಸುವ ಟೀಮಿನಲ್ಲಿ ಅವರಿಬ್ಬರನ್ನು ಮಾತ್ರ ತುಂಬಾ ದಿನ ಒಂದೇ ಕಡೆ ಇಟ್ಟೆ. ವಿಂಗರ್ ಸೋತರೆ ಇವನೂ ಕೋನ್ ಆರಿಸಬೇಕು. ಮೊದಮೊದಲು ಇವನ ಬಾಯಿಂದಲೇ ಗೋಲು ತಿಂದು ಸೋತರು. ಆಮೇಲೊಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ನೋಡಿದರೆ ಸ್ಟಾಪರ್ ಅವನಿಗೆ ಉದ್ದುದ್ದ ಪಾಸ್ ಹೊಡೆಯುತ್ತಾ, "ಎದೀಲಿ ತಗೊ, ಕಾಲಲ್ಲಲ್ಲ" ಅಂತ ಹೇಳಿಕೊಡುತ್ತಿದ್ದ. ಪ್ರೀತಿ ಉಕ್ಕಿತ್ತು ಅಂತಲ್ಲ. ನಾಳೆ ಸೋಲಬಾರದಲ್ಲ, ಅದಕ್ಕೆ.

ಕೀಪರ್ ವಿಷಯದಲ್ಲಿ ನನ್ನ ಅಳತೆಗೋಲೇ ಬೇರೆ. ತಿಂದ ಗೋಲನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವವನು ನನಗೆ ಬೇಡ. ನಮ್ಮ ಕೀಪರ್ ಗೋಲು ಬಿಟ್ಟ ಮೇಲೆ ನೆಟ್‌ನಿಂದ ಬಾಲ್ ತೆಗೆದು, ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಬಿಗಿದುಕೊಳ್ಳುತ್ತಾನೆ. ಅಷ್ಟರಲ್ಲಿ ಅದು ಮುಗಿದ ಕಥೆ.

ಹೊರಗೂರಿನ ಮ್ಯಾಚುಗಳಲ್ಲಿ ಬೇರೆಯದೇ ರೋಗ. ಬೆಂಗಳೂರಿನ ಟೀಮ್ ಎದುರಿಗಿದೆ ಅಂದರೆ ಹುಡುಗರು ಸೋಲನ್ನು ಬಸ್ಸಿನಲ್ಲೇ ಒಪ್ಪಿಕೊಂಡಿರುತ್ತಾರೆ. ಪೆಲೆ ಪ್ರತಿಮೆ ನಿಲ್ಲಿಸಿರುವ ಗೌತಮಪುರದಂಥ ಕಡೆ ಮಕ್ಕಳು ನಡೆಯಲು ಕಲಿತಾಗಿಂದ ಒದೆಯುತ್ತಾರೆ, ನಾವೆಲ್ಲಿ ಅನ್ನುವ ಮಾತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ಇದೇ ಹುಡುಗರು ಮೊಬೈಲಿನಲ್ಲಿ ನೋಡಿ ಕುಣಿದರು. "ಆ ಜೆರ್ಸಿ ನಮಗೆ ಯಾವಾಗ ಸರ್?" ಅಂದರು. ಬಸ್ಸಿನಲ್ಲಿ ಸೋಲುವುದನ್ನು ನಿಲ್ಲಿಸಿದಾಗ ಅಂದೆ.

ಈಗ ನಮ್ಮಲ್ಲಿ ಎರಡನೇ ಅರ್ಧ ಬೇರೆಯೇ ಮ್ಯಾಚು. ಹಾಫ್ ಟೈಮಿನಲ್ಲಿ ನಾಲ್ಕು ಗೋಲು ಹಿಂದಿದ್ದರೂ ಸ್ಕೋರ್ ಸೊನ್ನೆಯಿಂದ ಶುರು, ನೋಟ್‌ಬುಕ್ಕಿನಲ್ಲೂ ಹಾಗೇ ಬರೆಯುತ್ತೇನೆ. ಹಾಗೆ ಎರಡನೇ ಅರ್ಧವನ್ನು ಸಮ ಮಾಡಿಕೊಂಡು ಬಂದ ಒಂದು ಮ್ಯಾಚಿನ ರಾತ್ರಿ ಬಸ್ಸಿನಲ್ಲಿ ಭಟ್ಟಿಯ ಹುಡುಗ ನನ್ನ ಪಕ್ಕ ಬಂದು ಕೂತ. "ಸರ್, ಸೆಕೆಂಡ್ ಹಾಫ್ ಸೋತಿಲ್ಲ. ಆದ್ರೂ ಹೊಟ್ಟೆ ಉರೀತೈತಿ" ಅಂದ. ಅವನನ್ನು ಕ್ಯಾಪ್ಟನ್ ಮಾಡಲು ನಾನು ಜಾಸ್ತಿ ಯೋಚನೆ ಮಾಡಲಿಲ್ಲ.

ಇಷ್ಟೆಲ್ಲ ದೊಡ್ಡ ಹುಡುಗರಿಗೆ. ಹನ್ನೆರಡು ವರ್ಷದೊಳಗಿನವರಿಗೆ ಪಟ್ಟಿ ಇಲ್ಲ, ಸ್ಕೋರೂ ಬರೆಯುವುದಿಲ್ಲ. ಆ ವಯಸ್ಸಿನಲ್ಲಿ ಬಾಲ್ ಕಾಲಿಗೆ ಅಂಟಲಿ ಸಾಕು. ಇದನ್ನು ಅಪ್ಪಂದಿರಿಗೆ ಒಪ್ಪಿಸುವುದು ಕಷ್ಟ. "ನಮ್ಮ ಹುಡುಗ ಎಷ್ಟನೇ ನಂಬರ್ ಸರ್?" ಅಂತ ಗೇಟಿನಲ್ಲೇ ಹಿಡಿಯುತ್ತಾರೆ. ನಾನು ನಂಬರ್ ಕೊಡುವುದಿಲ್ಲ. ಹುಡುಗರು ಮಾತ್ರ ಇಟ್ಟಿಗೆ ಚೂರಿನಿಂದ ಕಾಂಪೌಂಡ್ ಗೋಡೆಯ ಮೇಲೆ ತಮ್ಮದೇ ಪಟ್ಟಿ ಬರೆದುಕೊಂಡಿದ್ದಾರೆ. ಗ್ರೌಂಡಿನ ವಾಚ್‌ಮನ್ ಅದನ್ನು ಅಳಿಸಲು ನನಗೆ ಹೇಳಿದ್ದಾನೆ, ನಾನಿನ್ನೂ ಅಳಿಸಿಲ್ಲ.