ಆಟೋಟ್ಯೂನ್ ಹಾಕಿದರೆ ತಂಬೂರಿಗೆ ಸೇರದ ದನಿ: ಸರಿಹೋದದ್ದು ಹೀಗೆ

ಮೋಹನ ರಾಗದ ದೇವರನಾಮ. ಗಾಯಕಿ ಶ್ರುತಿ ಬಿಡದೆ ಹಾಡಿದ್ದರು. ದನಿಯ ಶ್ರುತಿ ತಿದ್ದುವ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶದೊಳಗೆ ಸೇರಿಸುವ ಉಪಕರಣ) ಆಟೋಟ್ಯೂನ್ ಹಾಕಿದೊಡನೆ ದನಿ ತಂಬೂರಿಗೆ ಸೇರುತ್ತಲೇ ಇರಲಿಲ್ಲ. ಕೊನೆಗೆ ಟ್ಯೂನರಿನಲ್ಲಿ ತಂಬೂರಿಯನ್ನೇ ಅಳೆದೆ: ಎ ಸ್ವರಕ್ಕೆ 440 ಹರ್ಟ್ಸ್ ಎನ್ನುವ ಮಾಮೂಲಿ ಶ್ರುತಿಗಿಂತ 30 ಸೆಂಟ್ಸ್ ಮೇಲಿತ್ತು. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರವೇ 100 ಸೆಂಟ್ಸ್, ಹಾಗಾಗಿ ಇದೇನು ಸಣ್ಣದಲ್ಲ. ಪ್ಲಗಿನ್‌ಗೆ ಗೊತ್ತಿರುವುದು ಎ ಅಂದರೆ 440 ಹರ್ಟ್ಸ್ ಅಷ್ಟೇ. ಸರಿಯಿದ್ದ ಸ್ವರವನ್ನೇ ಕೆಳಗೆ ಎಳೆಯುತ್ತಿತ್ತು, ಪುಣ್ಯಾತ್ಮ! ಆ ಆಧಾರವನ್ನು 447.7ಕ್ಕೆ ಏರಿಸಿದೆ, ದನಿ ತಂಬೂರಿಯಲ್ಲಿ ಕೂತಿತು.

ಪ್ಲಗಿನ್ನಿನ ಸ್ಕೇಲಿನಲ್ಲಿ ಮೋಹನದ ಸ ರಿ ಗ ಪ ದ ಮಾತ್ರ ಉಳಿಸಿದೆ. ರಿಟ್ಯೂನ್ ಸ್ಪೀಡ್, ಅಂದರೆ ಸ್ವರ ತಿದ್ದಲು ಅದು ತೆಗೆದುಕೊಳ್ಳುವ ಸಮಯ, ಸೊನ್ನೆಯಲ್ಲಿದ್ದರೆ ಜಾರು (ಸ್ವರದಿಂದ ಸ್ವರಕ್ಕೆ ಜಾರುವ ಗಮಕ) ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. 60 ಮಿಲಿಸೆಕೆಂಡ್ ದಾಟಿಸಿದ ಮೇಲೆ ಸಹಜವಾಯಿತು. ಗಮಕ ದಟ್ಟವಾಗಿರುವ ಸಾಲುಗಳಲ್ಲಿ ಮಾತ್ರ ಪ್ಲಗಿನ್ ಪೂರ್ತಿ ಬೈಪಾಸ್. ಅಲ್ಲಿ ಯಂತ್ರಕ್ಕೇನು ಕೆಲಸ? ಅಂದಹಾಗೆ, ಪ್ಲಗಿನ್ ರಿವರ್ಬ್‌ಗಿಂತ (ದನಿಗೆ ಕೋಣೆಯ ಅನುರಣನ ಸೇರಿಸುವ ಎಫೆಕ್ಟ್) ಮೊದಲೇ ಇರಲಿ.