ಬಾಯಲ್ಲಿರುವ ಇಂಗ್ಲಿಷ್ ಕಣ್ಣಿಗೂ ಬರಲಿ: ದೊಡ್ಡವರಿಗಾಗಿ ಓದಿನ ತರಗತಿ ಶುರು ಮಾಡುವುದು ಹೇಗೆ?

ಬಳ್ಳಾರಿಯ ಕೌಲ್ ಬಜಾರ್ ಸುತ್ತಮುತ್ತ ಜೀನ್ಸ್ ಹೊಲಿಯುವವರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಡಿ. ಜಿಪ್, ಪಾಕೆಟ್, ಲೂಪ್, ಬಟನ್, ಬಂಡಲ್, ಸೈಜ್, ಲೇಬಲ್, ಪೀಸ್ ರೇಟ್. ಗಂಗಾವತಿಯ ಅಕ್ಕಿ ಗಿರಣಿಗೆ ಹೋದರೆ ಬೆಲ್ಟು, ಮೋಟಾರು, ಲೋಡು, ಫ್ಯೂಸು. ರಾಯಚೂರಿನ ಶಕ್ತಿನಗರದಲ್ಲಿ ಬಾಯ್ಲರು, ಶಿಫ್ಟು, ಗೇಟ್ ಪಾಸು. ಶಾಲೆಯ ಮುಖ ನೋಡದವರೂ ದಿನಕ್ಕೆ ನೂರಾರು ಇಂಗ್ಲಿಷ್ ಪದಗಳನ್ನು ಸಲೀಸಾಗಿ ಬಳಸುತ್ತಾರೆ. ಅದೇ ಪದ ಲೇಬಲ್ಲಿನ ಮೇಲೋ ಮಾತ್ರೆಯ ಪಟ್ಟಿಯ ಮೇಲೋ ಅಚ್ಚಾಗಿ ಬಂದಾಗ ಮಾತ್ರ ಪಕ್ಕದವರ ಕೈಗೆ ಕೊಟ್ಟು ಓದಿಸಿಕೊಳ್ಳಬೇಕು.

ದೊಡ್ಡವರಿಗೆ ಇಂಗ್ಲಿಷ್ ಓದಲು ಕಲಿಸಬೇಕು ಎಂದುಕೊಂಡವರು ಹಿಡಿಯಬೇಕಾದ ದಾರಿ ಇಲ್ಲೇ ಇದೆ. ಅವರಿಗೆ ಗೊತ್ತಿಲ್ಲದ ಆ್ಯಪಲ್, ಎಲಿಫೆಂಟ್‌ಗಳಿಂದ ಶುರು ಮಾಡುವ ಬದಲು ಅವರ ಬಾಯಲ್ಲಿ ಆಗಲೇ ಇರುವ ಪದಗಳನ್ನು ಕಾಗದದ ಮೇಲೆ ಗುರುತಿಸಲು ಕಲಿಸಿ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇತ್ತು. ಕೊಪ್ಪಳ ಶೇ 68.09, ಇನ್ನೂ ವಿಜಯನಗರ ಬೇರೆಯಾಗದ ಬಳ್ಳಾರಿ ಶೇ 67.43, ರಾಯಚೂರು ಶೇ 59.56. ರಾಯಚೂರಿನ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ. ಇದು ಕನ್ನಡವೂ ಸೇರಿದಂತೆ ಯಾವುದಾದರೂ ಒಂದು ಭಾಷೆ ಓದಿ ಬರೆಯಬಲ್ಲವರ ಲೆಕ್ಕ. ಹಾಗಾಗಿ ಮೊದಲ ಕೆಲಸ ಇಂಗ್ಲಿಷಿನದಲ್ಲ.

ಕನ್ನಡ ಬರುತ್ತದೆಯೇ, ಮೊದಲು ತಿಳಿದುಕೊಳ್ಳಿ

ಯಾವುದಾದರೂ ಒಂದು ಲಿಪಿ ಚೆನ್ನಾಗಿ ಓದಲು ಬರುವವರಿಗೆ ಎರಡನೆಯದು ಬೇಗ ಹತ್ತುತ್ತದೆ. ಬಳ್ಳಾರಿಯಲ್ಲಿ ಆ ಲಿಪಿ ತೆಲುಗೋ ಉರ್ದುವೋ ಆಗಿರಬಹುದು, ಅದೂ ಸರಿಯೇ. ಯಾವುದನ್ನೂ ಓದಲು ಬಾರದವರಿಗೆ ನೇರವಾಗಿ ಇಂಗ್ಲಿಷ್ ಹಚ್ಚಬೇಡಿ, ಎರಡೂ ಕೈತಪ್ಪುತ್ತವೆ. ಅವರಿಗೆ ಮೊದಲು ಕನ್ನಡ ಕಲಿಸಿ. ಅದಕ್ಕೆ ಸರ್ಕಾರದ್ದೇ ವ್ಯವಸ್ಥೆ ಇದೆ. ಹದಿನೈದು ದಾಟಿದವರಿಗಾಗಿ 2022ರಲ್ಲಿ ಶುರುವಾದ, ಉಲ್ಲಾಸ್ ಎಂದು ಹೆಸರಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ನಡೆಯುವುದೇ ಸ್ವಯಂಸೇವಕರಿಂದ. ಓದು, ಬರಹ, ಲೆಕ್ಕ ಮೂರಕ್ಕೂ ಪರೀಕ್ಷೆ, ಪ್ರಮಾಣಪತ್ರ ಇರುತ್ತವೆ. ಜಿಲ್ಲಾ ಲೋಕ ಶಿಕ್ಷಣ ಸಮಿತಿಯ ಕಚೇರಿಯಲ್ಲಿ ವಿಚಾರಿಸಿ.

ಕೇಳುವ ರೀತಿ ಮಾತ್ರ ಹುಷಾರು. ನಾಲ್ಕು ಜನರ ಎದುರು 'ನಿಮಗ ಓದಾಕ ಬರ್ತೈತೇನ್ರಿ?' ಎಂದರೆ ಅವರು ಮರುದಿನ ಬರುವುದಿಲ್ಲ. ಒಬ್ಬರೇ ಇದ್ದಾಗ 'ಯಕ್ಕಾ, ಫೋನಿಗೆ ಬ್ಯಾಂಕಿನ ಮೆಸೇಜ್ ಬಂದ್ರ ಯಾರ ಕಡೆ ಓದಿಸ್ತೀರಿ?' ಎಂದು ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಿದ್ದರೂ ಅಕ್ಕ, ಅಣ್ಣ, ರೀ ಎಂದೇ ಮಾತಾಡಿಸಿ.

ಜಾಗ ಮತ್ತು ಹೊತ್ತು

ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಪಟ್ಟಣವಾದರೆ ಸಮುದಾಯ ಭವನ, ಗುಡಿ ಅಥವಾ ದರ್ಗಾದ ಕಟ್ಟೆ, ಯಾರದಾದರೂ ಮನೆಯ ಪಡಸಾಲೆ. ಶಾಲೆಯ ಕೋಣೆ ಸಿಕ್ಕರೂ ನಾನು ಬೇಡ ಎನ್ನುತ್ತೇನೆ. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂರುವುದು ದೊಡ್ಡವರಿಗೆ ಮುಜುಗರ. ಜಮಖಾನ ಹಾಸಿದರೆ ಸಾಕು.

ಹೆಂಗಸರಿಗೆ ಸಂಜೆ ಏಳು ಗಂಟೆ ರೊಟ್ಟಿ ಬಡಿಯುವ ಹೊತ್ತು. ಅವರಿಗೆ ಮಧ್ಯಾಹ್ನ ಎರಡರಿಂದ ಮೂರೂವರೆ ಅನುಕೂಲ, ಗಂಡಸರಿಗೆ ರಾತ್ರಿ ಎಂಟರ ನಂತರ. ಹೊತ್ತನ್ನು ಕಲಿಯುವವರೇ ಗೊತ್ತು ಮಾಡಲಿ. ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ, ಹತ್ತಿ ಬಿಡಿಸುವ ಕಾಲ ಬಂದರೆ, ಹಬ್ಬದ ಮುಂಚೆ ಜೀನ್ಸ್ ಆರ್ಡರ್ ಜೋರಾದರೆ ತರಗತಿ ಖಾಲಿಯಾಗುತ್ತದೆ. ಅದನ್ನು ಗೈರುಹಾಜರಿ ಎಂದು ಬರೆಯಬೇಡಿ. ರಜೆ ಎಂದು ಮೊದಲೇ ಸಾರಿಬಿಡಿ, ಮತ್ತೆ ಶುರುವಾಗುವ ದಿನವನ್ನೂ ಹೇಳಿ.

ಇನ್ನೊಂದು ವಿಷಯವನ್ನು ಬಹಳ ಕಡೆ ಮರೆಯುತ್ತಾರೆ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗಿ ಕಾಣುತ್ತದೆ. ಅವರು 'ತಲೆಗೆ ಹತ್ತವಲ್ದು' ಎನ್ನುತ್ತಾರೆ, ನಿಜವಾಗಿ ಬೇಕಾಗಿರುವುದು ಚಾಳೀಸು. ಮೊದಲ ವಾರವೇ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ.

ಕಲಿಸುವವರು ಯಾರು?

ಪದವಿ ಕಾಲೇಜಿನ ಹುಡುಗ ಹುಡುಗಿಯರು, ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಮೆಡಿಕಲ್ ಶಾಪಿನವರು. ಇಂಗ್ಲಿಷಿನಲ್ಲಿ ಭಾಷಣ ಮಾಡಲು ಬರಬೇಕಿಲ್ಲ, ತಾಳ್ಮೆ ಬೇಕು. ಒಬ್ಬರಿಗೆ ಇಬ್ಬರು, ಹೆಚ್ಚೆಂದರೆ ನಾಲ್ವರು ಕಲಿಯುವವರು ಸಾಕು.

ಈ ಪದ್ಧತಿ ಹೊಸತಲ್ಲ. 1930ರಲ್ಲಿ ಫಿಲಿಪೀನ್ಸ್‌ನಲ್ಲಿ ಫ್ರಾಂಕ್ ಲಾಬಾಕ್ ಎಂಬ ಮಿಷನರಿ ಶುರು ಮಾಡಿದ ಸಾಕ್ಷರತೆಯ ಕೆಲಸದಲ್ಲಿ, ಕಲಿತ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಲಿಸಬೇಕಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಟ್ಟಣದಲ್ಲಿ ರೂತ್ ಕಾಲ್ವಿನ್ ಎಂಬ ಗೃಹಿಣಿ, ತಮ್ಮ ಊರಲ್ಲೇ ಸಾವಿರಾರು ಜನ ದೊಡ್ಡವರಿಗೆ ಓದಲು ಬಾರದು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡು, 1962ರಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. 2002ರಲ್ಲಿ ಇವರಿಬ್ಬರ ಸಂಸ್ಥೆಗಳೂ ಒಂದಾದವು. ಕಲಿಯುವವರು ತಮ್ಮ ಬದುಕಿನ ಮಾತು ಹೇಳುವುದು, ಕಲಿಸುವವರು ಅದನ್ನು ಬರೆಯುವುದು, ಆ ಬರಹವೇ ಪಾಠವಾಗುವುದು: ಕಾಲ್ವಿನ್ ಅವರ ಸಂಸ್ಥೆ ಸ್ವಯಂಸೇವಕರಿಗೆ ಹೇಳಿಕೊಟ್ಟ ವಿಧಾನಗಳಲ್ಲಿ ಇದೂ ಒಂದು. ನಮ್ಮ ಕಡೆಗೂ ಇದೇ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಂಟು ಅಕ್ಷರಗಳಿಂದ ಶುರು

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಇಂಗ್ಲಿಷಿನಲ್ಲಿ ಹಾಗಿಲ್ಲ. 'ಎಚ್' ಎಂದು ಕರೆಯುವ ಅಕ್ಷರ 'ಹ' ಎನ್ನುತ್ತದೆ, 'ಡಬ್ಲ್ಯೂ' ಎಂಬುದು 'ವ' ಎನ್ನುತ್ತದೆ. ಕನ್ನಡ ಬಲ್ಲ ದೊಡ್ಡವರು ಎಡವುವುದು ಇಲ್ಲೇ. ಹೆಸರು ಕೂಡಿಸಿ ಓದಲು ಹೋಗಿ ಬಿ-ಯು-ಎಸ್ ಎಂಬುದನ್ನು 'ಬಿಯುಎಸ್' ಎನ್ನುತ್ತಾರೆ. ಆದ್ದರಿಂದ ಮೊದಲ ವಾರಗಳಲ್ಲಿ ಅಕ್ಷರ ತೋರಿಸಿ ಸದ್ದನ್ನೇ ಹೇಳಿ: ಬ್, ಸ್, ಟ್, ಪ್. ಹೆಸರು ಜೊತೆಜೊತೆಗೆ ತಾನೇ ಬರುತ್ತದೆ.

ಇಪ್ಪತ್ತಾರನ್ನೂ ಸಾಲಾಗಿ ಬಾಯಿಪಾಠ ಮಾಡಿಸುವ ಗೋಜಿಗೆ ಹೋಗಬೇಡಿ. ಬಿ, ಯು, ಎಸ್, ಟಿ, ಪಿ, ಎನ್, ಸಿ, ಐ ಈ ಎಂಟನ್ನು ಆರಿಸಿಕೊಳ್ಳಿ. ಇಷ್ಟರಲ್ಲೇ ಬಸ್, ಕಟ್, ಕಪ್, ಪಿನ್, ನಟ್, ಟಿನ್, ಬನ್ ಎಲ್ಲವೂ ಓದಲು ಬರುತ್ತವೆ. ಒಂದೂ ಹೊಸ ಪದವಲ್ಲ. 'ಓ' ಸೇರಿಸಿದರೆ ಸ್ಟಾಪ್, ಟಾಪ್, ಬಟನ್, ಕಾಟನ್. 'ಎ' ಬಂದರೆ ಪ್ಯಾಂಟ್, 'ಜೆಡ್' ಬಂದರೆ ಜಿಪ್. ಹತ್ತಿ ಬೆಳೆಯುವ ರಾಯಚೂರಿನ ರೈತನಿಗೂ ಜೀನ್ಸ್ ಹೊಲಿಯುವ ಬಳ್ಳಾರಿಯ ಅಕ್ಕನಿಗೂ ಅವರ ಕೆಲಸದ ಪದ ಹನ್ನೊಂದು ಅಕ್ಷರಗಳೊಳಗೇ ಸಿಕ್ಕಿತು.

ಒಂದು ಪಾಠ ಹೀಗಿರುತ್ತದೆ. ರಟ್ಟನ್ನು ಬೆಂಕಿಪೊಟ್ಟಣದ ಗಾತ್ರಕ್ಕೆ ಕತ್ತರಿಸಿ, ಒಂದೊಂದರ ಮೇಲೆ ಒಂದು ದೊಡ್ಡಕ್ಷರ ಬರೆದಿಟ್ಟಿದ್ದೀರಿ. ಸಿ, ಯು, ಟಿ ತುಂಡುಗಳನ್ನು ನಡುವೆ ಬೆರಳಗಲ ಜಾಗ ಬಿಟ್ಟು ಇಡಿ. ಕಲಿಯುವವರು ಒಂದೊಂದರ ಮೇಲೆ ಬೆರಳಿಟ್ಟು ಕ್, ಅ, ಟ್ ಎನ್ನಲಿ. ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಿ, ಅದೇ ಸದ್ದನ್ನು ಬೇಗ ಬೇಗ ಹೇಳಿಸಿ. ತುಂಡುಗಳು ಒಂದಕ್ಕೊಂದು ತಗಲುವಷ್ಟರಲ್ಲಿ 'ಕಟ್... ಕಟಿಂಗ್ ಮಾಡ್ತೀವಲ್ರೀ, ಅದು!' ಎಂಬ ಮಾತು ಬರುತ್ತದೆ. ಆ ಮಾತು ಅವರ ಬಾಯಿಂದಲೇ ಬರಬೇಕು. ಎಷ್ಟೇ ಹೊತ್ತಾದರೂ ಕಾಯಿರಿ, ನೀವು ಮೊದಲೇ ಹೇಳಿಬಿಡಬೇಡಿ. ಆಮೇಲೆ ಸಿ ತೆಗೆದು ಎನ್ ಇಡಿ: ನಟ್. ಹೀಗೆ ಒಂದೇ ತುಂಡು ಬದಲಿಸುತ್ತ ಹೋಗಿ.

ಮೊದಲು ದೊಡ್ಡಕ್ಷರಗಳೇ ಇರಲಿ. ಬೋರ್ಡು, ನಂಬರ್ ಪ್ಲೇಟು, ಅರ್ಜಿ ಎಲ್ಲದರಲ್ಲೂ ಕಾಣುವುದು ಅವೇ. ಹೊರಗೆ ನಿಲ್ಲಿಸಿದ ಬೈಕುಗಳ ಮೇಲಿನ ಕೆಎ 34, ಕೆಎ 36, ಕೆಎ 37 ಓದಿಸಿದರೆ ಊರಿನ ಲೆಕ್ಕವೂ ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ. ಒಂದು ಭಾನುವಾರ ರೈಲು ನಿಲ್ದಾಣಕ್ಕೆ ಹೋಗಿ ಬನ್ನಿ. ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುವ ಆ ಹಳದಿ ಫಲಕ ಒಳ್ಳೆಯ ಪಾಠ. ಸಣ್ಣಕ್ಷರಕ್ಕೆ ಬಂದಾಗ ಬಿ-ಡಿ, ಪಿ-ಕ್ಯೂ ಜೋಡಿಗಳು ಕಾಡುತ್ತವೆ. ಜೋಡಿಯ ಎರಡನ್ನೂ ಒಂದೇ ವಾರ ಕಲಿಸಬೇಡಿ.

'ಲೈಟ್'ನ ನಡುವೆ ಸದ್ದಿಲ್ಲದೆ ಕೂತ ಜಿ ಮತ್ತು ಎಚ್, 'ಸೈಜ್'ನ ಕೊನೆಯ ಇ ಇಂಥವು ಬಂದಾಗ ನಿಯಮ ಬಿಡಿಸಿ ಹೇಳುತ್ತ ಕೂರಬೇಡಿ. ಈ ಭಾಷೆಯ ಕಾಗುಣಿತವೇ ಹೀಗೆ, ತಪ್ಪು ನಿಮ್ಮದಲ್ಲ ಎಂದು ಹೇಳಿ, ಇಡೀ ಪದವನ್ನು ಚಿತ್ರದಂತೆ ಗುರುತಿಸಲು ಕಲಿಸಿ.

ಸ್ವಂತ ಹೆಸರು, ಆಧಾರ್‌ನಲ್ಲಿ ಇದ್ದಂತೆ

ಎಲ್ಲರೂ ಮೊದಲು ಕೇಳುವುದು ತಮ್ಮ ಹೆಸರು ಬರೆಯುವುದನ್ನು. ಇಲ್ಲಿ ಅವಸರ ಬೇಡ. ನಮ್ಮ ಸೀಮೆಯಲ್ಲಿ ಮನೆಗೊಬ್ಬರಂತೆ ಸಿಗುವ ಹುಲಿಗೆಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ನಡುವೆ ಐ ಇಟ್ಟು ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ. ಇ ಬದಲು ಎ ಹಾಕುವವರಿದ್ದಾರೆ. ಆಧಾರ್‌ನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಪಿಂಚಣಿಯ ಅರ್ಜಿ ಅಲ್ಲೇ ನಿಲ್ಲುತ್ತದೆ. ನಮ್ಮ ಊರಿನ ಹೆಸರಿಗೇ ಎರಡು ಕಾಗುಣಿತ ಇಲ್ಲವೇ? 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬಳ್ಳಾರಿಯ ಹಳೆಯ ಬೋರ್ಡುಗಳಲ್ಲಿ ಇಂದಿಗೂ 'ಬೆಲ್ಲಾರಿ' ಇದೆ.

ಹಾಗಾಗಿ ಆಧಾರ್ ಕಾರ್ಡ್ ತರಲು ಹೇಳಿ, ಅದರಲ್ಲಿದ್ದ ಹಾಗೆಯೇ ಹೆಸರು ಕಲಿಸಿ. ಉಳಿದ ದಾಖಲೆಗಳನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಲಿ. ವ್ಯತ್ಯಾಸವನ್ನು ಅವರೇ ಕಂಡುಹಿಡಿದರೆ ಅಂದಿನ ಪಾಠ ಮುಗಿಯಿತು, ತಿದ್ದುಪಡಿಗೆ ಎಲ್ಲಿಗೆ ಹೋಗಬೇಕೆಂದು ನೀವು ಹೇಳಿ. ಕಾರ್ಡಿನ ಫೋಟೊ ತೆಗೆದು ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಬರೆಯಲು ನಾಲ್ಕು ಗೆರೆ ಕಾಪಿ, ಪೆನ್ಸಿಲ್ ಸಾಕು. ಚೌಕದಲ್ಲಿ ಒಂದೊಂದೇ ಅಕ್ಷರ ತುಂಬುವುದನ್ನು ಬ್ಯಾಂಕಿನ ಖಾಲಿ ಚಲನ್ ಮೇಲೆ ಅಭ್ಯಾಸ ಮಾಡಿಸಿ.

ಮಾತ್ರೆ, ಎಣ್ಣೆ, ಫೋನು

ಮಾತ್ರೆಯ ಪಟ್ಟಿಯಲ್ಲಿ ಇ-ಎಕ್ಸ್-ಪಿ ಎಂಬ ಮೂರಕ್ಷರ ಹುಡುಕುವುದು, ಅದರ ಮುಂದಿನ ತಿಂಗಳು, ವರ್ಷ ಓದುವುದು. ಕೆಂಪು ಗೆರೆ ಇರುವ ಪಟ್ಟಿಯ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಎಂದು ಇದೇ ಹೊತ್ತಿನಲ್ಲಿ ಹೇಳಿ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ರೈತರು ನೋಡಿಯೇ ಇರುತ್ತಾರೆ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪಿನಲ್ಲಿ ತಲೆಬುರುಡೆಯ ಜೊತೆ 'ಪಾಯಿಸನ್' ಎಂಬ ಪದವೂ ಇರುತ್ತದೆ. ಬಳಸಿದ ಡಬ್ಬಿಯನ್ನು ಪಾಠಕ್ಕೆ ತರಬೇಡಿ, ಲೇಬಲ್ಲಿನ ಫೋಟೊ ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ತನ್ನಿ.

ಬ್ಯಾಂಕ್ ಮೆಸೇಜಿನಲ್ಲಿ ಎರಡೇ ಪದ ಮುಖ್ಯ. 'ಕ್ರೆಡಿಟೆಡ್' ಎಂದರೆ ಬಂತು, 'ಡೆಬಿಟೆಡ್' ಎಂದರೆ ಹೋಯಿತು. ಇದನ್ನು ನೀವು ಕಾಗದದ ಮೇಲೆ ಬರೆದ ನಕಲಿ ಮೆಸೇಜಿನಲ್ಲಿ ಕಲಿಸಿ, ಅವರ ಫೋನು ನಿಮ್ಮ ಕೈಗೆ ಬರಬಾರದು. ಒಟಿಪಿ ಎಂಬ ಮೂರಕ್ಷರ ಕಂಡರೆ ಮುಂದಿನ ಅಂಕಿಯನ್ನು ಯಾರಿಗೂ ಹೇಳಬಾರದು. ಕಲಿಸುವ ನಿಮಗೂ ಹೇಳಬಾರದು. ದುಡ್ಡು ಹೋಗಿದೆ ಎಂದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಅವರ ಮಾತೇ ಪುಸ್ತಕ

ಅಕ್ಷರಗಳೆಲ್ಲ ಪರಿಚಯವಾದ ಮೇಲೆ ಕಾಲ್ವಿನ್ ಅವರ ವಿಧಾನಕ್ಕೆ ಬನ್ನಿ. 'ಇವತ್ತು ಏನ್ ಮಾಡಿದ್ರಿ?' ಎಂದು ಕೇಳಿ. 'ಮುಂಜಾನೆ ಬಸ್ ಹಿಡದು ಬಂದೆ, ಜಿಪ್ ಹಚ್ಚಿದೆ, ಚಾ ಕುಡದೆ' ಎಂದರೆ ಅದನ್ನೇ ಮೂರು ಪುಟ್ಟ ಇಂಗ್ಲಿಷ್ ವಾಕ್ಯಗಳಾಗಿ ಬರೆಯಿರಿ. ಬಸ್, ಜಿಪ್ ಎರಡನ್ನೂ ಅವರೇ ಗುರುತಿಸುತ್ತಾರೆ. ಉಳಿದ ಪದಗಳು ಅವುಗಳ ಆಸರೆಯಲ್ಲಿ ಬರುತ್ತವೆ. ಹಾಳೆಗಳನ್ನು ದಾರದಿಂದ ಹೊಲಿದು ಅವರಿಗೇ ಕೊಡಿ. ಅಂಗಡಿಯಲ್ಲಿ ಸಿಗುವ ಯಾವ ಪುಸ್ತಕವೂ ಇದರಷ್ಟು ಸಲ ಓದಿಸಿಕೊಳ್ಳುವುದಿಲ್ಲ.

ಪರೀಕ್ಷೆ, ಅಂಕ ಇಟ್ಟು ಹೆದರಿಸಬೇಡಿ. ಒಬ್ಬೊಬ್ಬರಿಗೂ ಒಂದು ಪುಟ ಇಟ್ಟು, ಯಾರ ಸಹಾಯವೂ ಇಲ್ಲದೆ ಹೊರಗೆ ಏನು ಓದಿದರು ಎಂಬುದನ್ನು ಬರೆದುಕೊಳ್ಳಿ: ಎಟಿಎಮ್ಮಿನ ಪರದೆ, ಸೈಜ್ ಲೇಬಲ್, ಮೊಮ್ಮಗನ ಶಾಲೆಯ ಚೀಟಿ. ಎರಡು ಸಲ ಬಾರದವರ ಮನೆಗೆ ಹೋಗಿ ಬನ್ನಿ, ಕಾರಣ ಸಾಮಾನ್ಯವಾಗಿ ಕೆಲಸ, ಕಾಯಿಲೆ ಅಥವಾ 'ಈ ವಯಸ್ಸಿನ್ಯಾಗ ಇದ್ಯಾಕ' ಎಂದ ಮನೆಯವರು. ಮನೆಯವರನ್ನೂ ಒಂದು ದಿನ ಕರೆತನ್ನಿ. ಮಕ್ಕಳು ಬಂದರೆ ಅಮ್ಮನ ತಪ್ಪು ತಿದ್ದಲು ಬಿಡಬೇಡಿ. ಅವರಿಗೆ ಬೇರೆ ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ.

ಲಾಬಾಕ್ ಹೇಳಿದ ಕೆಲಸ ಕೊನೆಗೆ ಬರುತ್ತದೆ. ಹನ್ನೊಂದು ಅಕ್ಷರ ದಾಟಿದ ಅಕ್ಕನನ್ನು ಹೊಸದಾಗಿ ಬಂದವರ ಪಕ್ಕ ಕೂರಿಸಿ, ರಟ್ಟಿನ ತುಂಡುಗಳನ್ನು ಅವರ ಕೈಗೆ ಕೊಡಿ. ಆ ತುಂಡುಗಳ ಇನ್ನೆರಡು ಕಟ್ಟು ಮೊದಲೇ ಮಾಡಿಟ್ಟುಕೊಂಡಿರಿ, ಮನೆಗೆ ಒಯ್ಯುತ್ತೇನೆ ಎಂದು ಕೇಳುವವರಿರುತ್ತಾರೆ.